ನಗುವಿಗೆ ಬಿಟ್ಟ ಜಾಗ

ನಗೆಯ ಚಿತ್ರಗಳನ್ನು ಒಬ್ಬನೇ ಕುಳಿತು ನೋಡಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೂ ಈಚೆಗೆ ಒಂದು ರಾತ್ರಿ ನಿದ್ದೆ ಬಾರದೆ, ಲಾರೆಲ್ ಮತ್ತು ಹಾರ್ಡಿಯವರ ಹಳೆಯ ಚಿತ್ರವೊಂದನ್ನು ಮೊಬೈಲಿನಲ್ಲಿ ಹುಡುಕಿ ನೋಡತೊಡಗಿದಾಗ ನನಗಾದ ನಿರಾಶೆ ಅಷ್ಟಿಷ್ಟಲ್ಲ. ಬಾಲ್ಯದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದ ಅದೇ ಚಿತ್ರ, ಅದೇ ಪಿಯಾನೊ, ಅದೇ ಮೆಟ್ಟಿಲು. ನಗು ಮಾತ್ರ ಬರಲಿಲ್ಲ. ಎಲ್ಲವೂ ನಿಧಾನವೆನ್ನಿಸಿತು. ಪೆಟ್ಟು ತಿಂದ ಮೇಲೆ ಹಾರ್ಡಿ ನಮ್ಮ ಕಡೆಗೆ ತಿರುಗಿ ಸುಮ್ಮನೆ ನೋಡುತ್ತ ನಿಲ್ಲುತ್ತಾನೆ. ಏಕೆ ನಿಂತಿದ್ದಾನೆ? ಮುಂದಿನ ಕೆಲಸ ನೋಡಬಾರದೆ? ವಯಸ್ಸಾದದ್ದು ಚಿತ್ರಕ್ಕೋ ನನಗೋ ಎಂಬ ಅನುಮಾನದಲ್ಲೇ ದೀಪ ಆರಿಸಿ ಮಲಗಿದೆ.

ಆ ಚಿತ್ರವನ್ನು ನಾನು ಮೊದಲು ಕಂಡದ್ದು ಬೆಂಗಳೂರಿನ ಒಂದು ವಠಾರದಲ್ಲಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಾದ ಕೆಲವು ವರ್ಷಗಳ ಮಾತು. ಎಂಟು ಮನೆಗಳ ನಮ್ಮ ವಠಾರಕ್ಕೆಲ್ಲ ಇದ್ದದ್ದು ಒಂದೇ ಟೀವಿ, ಮಾಲೀಕರ ನಡುಮನೆಯಲ್ಲಿ. ಮರದ ಪೆಟ್ಟಿಗೆ, ಅದಕ್ಕೆ ಎಳೆಯುವ ಬಾಗಿಲು, ಬಾಗಿಲಿಗೊಂದು ಬೀಗ. ಬೀಗ ತೆರೆಯುವ ಹೊತ್ತಿಗೆ ನಾವು ಹುಡುಗರೆಲ್ಲ ಚಾಪೆಯ ಮೇಲೆ ಹಾಜರು. ಹಿಂದೆ ಹೆಂಗಸರು, ಬಾಗಿಲ ಬಳಿ ಗಂಡಸರು, ಕಿಟಕಿಯ ಆಚೆ ಪಕ್ಕದ ಬೀದಿಯವರು. ಚಿತ್ರ ಅಲುಗಾಡಿದರೆ ಮಾಳಿಗೆಯ ಮೇಲಿನ ಆಂಟೆನಾ ತಿರುಗಿಸಲು ಒಬ್ಬ, ಅವನಿಗೆ ಕೂಗಿ ಹೇಳಲು ಅಂಗಳದಲ್ಲಿ ಇನ್ನೊಬ್ಬ. ಅವರಿಬ್ಬರ ಸಂಭಾಷಣೆಯೇ ಒಂದು ಪ್ರಹಸನ.

ನನ್ನ ಅಜ್ಜಿ ಮಾತ್ರ ಬರುತ್ತಿರಲಿಲ್ಲ. ತಾತ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಯಾರಾದರೂ ಕರೆದರೆ, "ನನಗೆ ಇಂಗ್ಲೀಷು ಬರುತ್ಯೇ?" ಎಂದು ನೆಪ ಹೇಳಿ ಒಳಗೇ ಉಳಿಯುತ್ತಿದ್ದರು. ಒಂದು ದಿನ ಮಾಲೀಕರ ಹೆಂಡತಿಯೇ ಕೈಹಿಡಿದು ಕರೆತಂದು ಕೂರಿಸಿದರು. ಅಂದು ತೋರಿಸಿದ್ದೇ ಈ ಪಿಯಾನೊದ ಚಿತ್ರ.

ಕಥೆ ಎನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ಒಬ್ಬ ದಪ್ಪ, ಒಬ್ಬ ಸಣಕಲ, ತಲೆಯ ಮೇಲೆ ಇಬ್ಬರಿಗೂ ದುಂಡು ಟೋಪಿ. ಪೆಟ್ಟಿಗೆಯಲ್ಲಿಟ್ಟ ಪಿಯಾನೊವನ್ನು ದಿಬ್ಬದ ಮೇಲಿನ ಮನೆಗೆ ಮುಟ್ಟಿಸಬೇಕು. ನಡುವೆ 130ಕ್ಕೂ ಹೆಚ್ಚು ಮೆಟ್ಟಿಲುಗಳು. ಹತ್ತಿಸಿದಷ್ಟೂ ಅದು ಜಾರಿ ಬೀದಿಗೆ ಬಂದು ಬೀಳುತ್ತದೆ. ಕೊನೆಗೆ ಹೇಗೋ ಮೇಲೆ ಮುಟ್ಟಿಸಿದಾಗ ಅಂಚೆಯವನೊಬ್ಬ, ಗಾಡಿ ಬರುವುದಕ್ಕೆ ಆಚೆ ಕಡೆ ರಸ್ತೆಯೇ ಇದೆಯಲ್ಲ ಎನ್ನುತ್ತಾನೆ. ಹೌದಲ್ಲವೆ ಎಂದು ಇಬ್ಬರೂ ಪಿಯಾನೊವನ್ನು ಪುನಃ ಕೆಳಕ್ಕೆ ಹೊತ್ತು ತಂದು, ಗಾಡಿಗೆ ಹಾಕಿಕೊಂಡು, ರಸ್ತೆಯಲ್ಲಿ ಮೇಲಕ್ಕೆ ಒಯ್ಯುತ್ತಾರೆ!

ಆಗ ನಡುಮನೆಯಲ್ಲಿ ಎದ್ದ ನಗೆಯಲ್ಲಿ ನಮ್ಮ ಅಜ್ಜಿಯದೂ ಸೇರಿತ್ತು. ಕಣ್ಣೊರೆಸಿಕೊಳ್ಳುತ್ತ, "ನಿಮ್ಮ ತಾತ ನಮ್ಮ ಬೀರು ಮಹಡಿಗೆ ಹತ್ತಿಸಿದ ಹಾಗೇ ಇದೆ ಕಣೋ" ಎಂದರು. ಮನೆಗೆ ಬಂದಮೇಲೆ ಆ ಬೀರುವಿನ ಕಥೆಯನ್ನು ಪೂರ್ತಿಯಾಗಿ ಹೇಳಿದರು. ತಾತನ ಸುದ್ದಿಯನ್ನು ಅವರು ನಗುತ್ತ ಎತ್ತಿದ್ದು ಅದೇ ಮೊದಲು.

ಈ ಬಗೆಯ ಹಾಸ್ಯಕ್ಕೆ ಇಂಗ್ಲಿಷಿನಲ್ಲಿ ಸ್ಲ್ಯಾಪ್‌ಸ್ಟಿಕ್ ಎಂದು ಹೆಸರು. ಇಟಲಿಯ ಹಳೆಯ ಜನಪ್ರಿಯ ನಾಟಕಗಳಲ್ಲಿ ವಿದೂಷಕನ ಕೈಯಲ್ಲಿ ಎರಡು ಹಲಗೆ ಜೋಡಿಸಿದ ಒಂದು ಕೋಲಿರುತ್ತಿತ್ತು. ಅದರಿಂದ ಹೊಡೆದರೆ ಪೆಟ್ಟು ಸಣ್ಣದು, ಸದ್ದು ದೊಡ್ಡದು. ಆ ಕೋಲಿನ ಹೆಸರೇ ಹಾಸ್ಯಕ್ಕೂ ಬಂತು. ಆದರೆ ಸದ್ದಿಗಿಂತ ಸದ್ದಿನ ನಂತರದ ಮೌನದಲ್ಲಿ ನಗೆಯಿದೆ ಎಂಬುದನ್ನು ಕಂಡುಕೊಂಡವರು ಲಾರೆಲ್ ಮತ್ತು ಹಾರ್ಡಿ.

ಸ್ಟಾನ್ ಲಾರೆಲ್ ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನ ಅಲ್ವರ್ಸ್ಟನ್ ಎಂಬ ಊರಿನಲ್ಲಿ. 1910ರಲ್ಲಿ ಫ್ರೆಡ್ ಕಾರ್ನೊನ ನಾಟಕ ಮಂಡಲಿಯೊಡನೆ ಅಮೆರಿಕಕ್ಕೆ ಬಂದ. ಅದೇ ಮಂಡಲಿಯಲ್ಲಿದ್ದ ಚಾರ್ಲಿ ಚಾಪ್ಲಿನ್ನನಿಗೆ ಇವನು ಬದಲಿ ನಟ. ಆಲಿವರ್ ಹಾರ್ಡಿ 1892ರಲ್ಲಿ ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ ಹುಟ್ಟಿದವನು. 1927ರಲ್ಲಿ ಹಾಲ್ ರೋಚನ ಸ್ಟುಡಿಯೋದಲ್ಲಿ ಇವರು ಜೋಡಿಯಾದರು. ಮುಂದೆ ಇಬ್ಬರೂ ಒಟ್ಟಾಗಿ ನಟಿಸಿದ ಚಿತ್ರಗಳು ನೂರಕ್ಕೂ ಹೆಚ್ಚು. ಮೂಕಚಿತ್ರದ ಕಾಲ ಮುಗಿದು ಚಿತ್ರಗಳಿಗೆ ಮಾತು ಬಂದಾಗ ಎಷ್ಟೋ ಹಾಸ್ಯನಟರು ಮೂಲೆಗೆ ಸರಿದರು, ಇವರು ಸರಿಯಲಿಲ್ಲ. ಬೇರೆ ದೇಶದವರಿಗಾಗಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮಾತುಗಳನ್ನು ಅರ್ಥ ತಿಳಿಯದೆಯೇ ಬಾಯಿಪಾಠ ಮಾಡಿ, ಕೆಲವು ಚಿತ್ರಗಳನ್ನು ಪುನಃ ಅಭಿನಯಿಸಿದರು. ನಮ್ಮ ಅಜ್ಜಿಗಾಗಿ ಅಷ್ಟು ಕಷ್ಟಪಡಬೇಕಾಗಿರಲಿಲ್ಲವೆಂದು ಈಗ ಅನ್ನಿಸುತ್ತದೆ.

ಪಿಯಾನೊದ ಚಿತ್ರ, 'ದಿ ಮ್ಯೂಸಿಕ್ ಬಾಕ್ಸ್', 1932ರದು. ಹಾಸ್ಯದ ಕಿರುಚಿತ್ರಕ್ಕೆಂದು ಆಸ್ಕರ್ ಪ್ರಶಸ್ತಿ ಏರ್ಪಟ್ಟ ಮೊದಲ ವರ್ಷವೇ ಅದು ಈ ಚಿತ್ರಕ್ಕೆ ಸಂದಿತು. ಅದೇ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಯಂತ್ರವನ್ನು ಹತ್ತಿಸುವ 'ಹ್ಯಾಟ್ಸ್ ಆಫ್' ಎಂಬ ಮೂಕಚಿತ್ರವನ್ನು ಇವರು 1927ರಲ್ಲೇ ಮಾಡಿದ್ದರು. ಅದರ ಪ್ರತಿ ಇಂದು ಎಲ್ಲಿಯೂ ಉಳಿದಿಲ್ಲ.

ನನ್ನ ಆ ರಾತ್ರಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇವರು ಕೆಲಸ ಮಾಡುತ್ತಿದ್ದ ರೀತಿಯಲ್ಲಿ. ಚಿತ್ರೀಕರಣ ಮುಗಿದೊಡನೆ ಹಾರ್ಡಿ ಗಾಲ್ಫ್ ಆಟಕ್ಕೆ ಹೊರಟುಬಿಡುತ್ತಿದ್ದ. ಹಾಸ್ಯಪ್ರಸಂಗಗಳನ್ನು ಹೊಸೆಯುವುದು, ಚಿತ್ರದ ಸಂಕಲನದಲ್ಲಿ ಕೂರುವುದು ಲಾರೆಲನ ಪಾಲಿಗೆ. ಸಿದ್ಧವಾದ ಚಿತ್ರವನ್ನು ಬಿಡುಗಡೆಗೆ ಮೊದಲು ಯಾವುದಾದರೊಂದು ಚಿತ್ರಮಂದಿರದಲ್ಲಿ ಸಾಮಾನ್ಯ ಜನರಿಗೆ ತೋರಿಸುತ್ತಿದ್ದರು. ಜನ ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಎಂಬುದನ್ನು ಗಮನಿಸಿ, ಅದಕ್ಕೆ ತಕ್ಕಂತೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸುತ್ತಿದ್ದರು. ಒಂದು ನಗೆ ಅಡಗುವ ಮೊದಲೇ ಮುಂದಿನ ಮಾತು ಬಂದರೆ ಅದು ಗದ್ದಲದಲ್ಲಿ ಕೊಚ್ಚಿಹೋಗುತ್ತದೆ. ಹಾರ್ಡಿ ನಮ್ಮ ಕಡೆ ತಿರುಗಿ ನಿಲ್ಲುವುದು ಅದಕ್ಕಾಗಿ. ಅವನು ಕಾಯುತ್ತಿರುವುದು ನಾವು ನಕ್ಕು ಮುಗಿಸಲಿ ಎಂದು. ನನ್ನ ಮೊಬೈಲಿನಲ್ಲಿ ನನಗೆ ಬೇಸರ ತರಿಸಿದ ಆ ಬಿಡುವು ನೂರಾರು ಜನರ ನಗೆಗೆಂದು ಅಳತೆ ಮಾಡಿ ಬಿಟ್ಟ ಜಾಗವಾಗಿತ್ತು. ಅದನ್ನು ಒಬ್ಬನೇ ತುಂಬಲು ಹೊರಟದ್ದು ನನ್ನ ತಪ್ಪು.

ಆ ಜಾಗಕ್ಕೆ ಕೈಹಾಕಿದ್ದು ಟೀವಿಯೇ ಎಂಬುದು ಕಹಿಯಾದ ಸಂಗತಿ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಟೀವಿ ಮನೆಮನೆಗೆ ಬಂದಾಗ, ಇವರ ಹಳೆಯ ಚಿತ್ರಗಳು ಅಲ್ಲಿನ ಮಕ್ಕಳಿಗೆ ಅಚ್ಚುಮೆಚ್ಚಾದವು. ಆದರೆ ಚಿತ್ರಗಳ ಹಕ್ಕು ನಟರದಾಗಿರಲಿಲ್ಲ. ಆ ಪ್ರಸಾರದ ಹಣ ಇವರಿಬ್ಬರ ಕೈಗೂ ಬರಲಿಲ್ಲ. ಲಾರೆಲನನ್ನು ಹೆಚ್ಚಾಗಿ ನೋಯಿಸಿದ್ದು ಹಣವಲ್ಲ. ಜಾಹೀರಾತುಗಳನ್ನು ತುರುಕಲು ಚಿತ್ರಗಳನ್ನು ಮನಬಂದಂತೆ ಕತ್ತರಿಸುತ್ತಿದ್ದರು. ತಾನೇ ಪುಕ್ಕಟೆಯಾಗಿ ಸಂಕಲನ ಮಾಡಿಕೊಡುವೆನೆಂದು ಅವನು ಮುಂದೆ ಬಂದ. ಯಾರೂ ಕಿವಿಗೊಡಲಿಲ್ಲ.

1957ರ ಆಗಸ್ಟ್ 7ರಂದು ಹಾರ್ಡಿ ತೀರಿಕೊಂಡ. ಅನಾರೋಗ್ಯದಿಂದ ಲಾರೆಲ್ ಗೆಳೆಯನ ಅಂತ್ಯಸಂಸ್ಕಾರಕ್ಕೂ ಹೋಗಲಾಗಲಿಲ್ಲ. ಆಮೇಲೆ ಅವನು ಬಣ್ಣ ಹಚ್ಚಲೇ ಇಲ್ಲ. ಸಾಂಟಾ ಮೋನಿಕಾದ ಒಂದು ಸಣ್ಣ ವಸತಿಯಲ್ಲಿದ್ದ ಅವನ ದೂರವಾಣಿ ಸಂಖ್ಯೆ ಎಲ್ಲರ ಸಂಖ್ಯೆಯಂತೆ ಡೈರೆಕ್ಟರಿಯಲ್ಲೇ ಇತ್ತು. ಯಾರು ಬೇಕಾದರೂ ಕರೆಯಬಹುದಾಗಿತ್ತು. 1961ರಲ್ಲಿ ಗೌರವದ ಆಸ್ಕರ್ ಬಂದಾಗಲೂ ಸಮಾರಂಭಕ್ಕೆ ಹೋಗುವಷ್ಟು ಆರೋಗ್ಯವಿರಲಿಲ್ಲ. ಆದರೆ ತಮ್ಮಿಬ್ಬರಿಗಾಗಿ ಹೊಸ ಹಾಸ್ಯಪ್ರಸಂಗಗಳನ್ನು ಹೊಸೆಯುವುದನ್ನು ಮಾತ್ರ ಅವನು ನಿಲ್ಲಿಸಲಿಲ್ಲ. ಇನ್ನೊಬ್ಬ ಇಲ್ಲವೆಂಬುದು ಗೊತ್ತಿದ್ದೂ ಹೊಸೆಯುತ್ತಿದ್ದ. 1965ರ ಫೆಬ್ರವರಿ 23ರಂದು ಅವನೂ ಹೊರಟುಹೋದ.

ನಮ್ಮ ದೇಶದಲ್ಲಿ ಟೀವಿ ಬೇರೆ ದಾರಿಯಲ್ಲಿ ಬಂತು. 1975–76ರ ಉಪಗ್ರಹ ಪ್ರಯೋಗದ ಕಾಲದಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ಕೊಟ್ಟದ್ದು ಊರಿಗೊಂದರಂತೆ, ಎಲ್ಲರೂ ಸೇರಿ ನೋಡಲೆಂದು. ಪಟ್ಟಣದಲ್ಲಿ ಅದೇ ಕೆಲಸವನ್ನು ನಮ್ಮ ಬಡತನ ಮಾಡಿತು: ಎಂಟು ಮನೆಗೆ ಒಂದೇ ಟೀವಿ. ಚಿತ್ರದ ನಡುವೆ ಜಾಹೀರಾತು ಬಂದ ನೆನಪು ನನಗಿಲ್ಲ. ಹಾಲಿವುಡ್ಡಿನ ಸಂಕಲನದ ಕೋಣೆಯಲ್ಲಿ ಲಾರೆಲ್ ಅಳೆದು ಬಿಟ್ಟಿದ್ದ ಜಾಗ, ಅರ್ಧ ಶತಮಾನದ ಮೇಲೆ, ನಮ್ಮ ವಠಾರದ ನಡುಮನೆಯಲ್ಲಿ ಸರಿಯಾಗಿ ತುಂಬಿತು. ಅದರಲ್ಲಿ ನನ್ನ ಅಜ್ಜಿಗೂ ಒಂದು ಮೂಲೆ ದೊರೆಯಿತು.

ಅಂದು ರಾತ್ರಿ ಮಲಗುವಾಗ ಅಜ್ಜಿ ಕೇಳಿದ್ದರು: "ಆ ಸಣಕಲು ಮನುಷ್ಯ ಈಗ ಎಲ್ಲಿದಾನೋ?" ಅಮೆರಿಕದಲ್ಲಿ ಇರಬೇಕು ಅಜ್ಜಿ ಎಂದು ನಾನು ಧೈರ್ಯವಾಗಿ ಹೇಳಿದ್ದೆ. ಅವನು ಸತ್ತು ಆಗಲೇ ಹತ್ತೊಂಬತ್ತು ಇಪ್ಪತ್ತು ವರ್ಷಗಳಾಗಿದ್ದವು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು.

ಈಗ ಆ ವಠಾರವಿಲ್ಲ. ಅದಿದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ, ಒಳಗೆ ಎಷ್ಟು ಕೋಣೆಗಳೋ ಅಷ್ಟು ಟೀವಿಗಳಿವೆ. ಅದಕ್ಕಾಗಿ ನಾನು ದೂರುವುದಿಲ್ಲ. ಬೀಗ ತೆರೆಯುವುದನ್ನೇ ಕಾದು ಇನ್ನೊಬ್ಬರ ಮನೆಯ ಚಾಪೆಯ ಮೇಲೆ ಕೂರುವುದು ಸುಖವೇನೂ ಅಲ್ಲ. ವಾಚಕರಲ್ಲಿ ನನ್ನದೊಂದೇ ಬಿನ್ನಹ. ಮುಂದಿನ ಭಾನುವಾರ ಬಿಡುವಾದರೆ ಆ ಪಿಯಾನೊದ ಚಿತ್ರವನ್ನು ಹಾಕಿ. ಆದರೆ ಅದಕ್ಕೆ ಮೊದಲು ಎದುರು ಮನೆಯವರ ಬಾಗಿಲು ತಟ್ಟಿ, ಅವರ ಮಕ್ಕಳನ್ನೂ ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ. ಹಾರ್ಡಿ ಇನ್ನೂ ಕಾಯುತ್ತ ನಿಂತಿದ್ದಾನೆ.