ಇಂದ್ರಲುಪ್ತವೂ ಖಲತಿಯೂ

ಇಂದ್ರಲುಪ್ತ, ಖಲತಿ ಎಂಬ ಶಬ್ದಗಳೆರಡನ್ನೂ ‘ಬೊಕ್ಕತಲೆ’ ಎಂದೇ ಕನ್ನಡಿಸುವುದುಂಟು. ಇದಕ್ಕೆ ಸುಶ್ರುತಸಂಹಿತೆಯ ಆಧಾರವಿಲ್ಲದಿಲ್ಲ. ವಾತಸಹಿತವಾದ ಪಿತ್ತವು ಕೂದಲನ್ನುದುರಿಸುವುದೆಂದೂ, ಬಳಿಕ ಕಫರಕ್ತಗಳು ರೋಮಕೂಪಗಳನ್ನು ಮುಚ್ಚುವುದರಿಂದ ಅದು ಮರಳಿ ಹುಟ್ಟದೆಂದೂ ಹೇಳಿ, ಆ ಗ್ರಂಥವು ಇಂದ್ರಲುಪ್ತ ಖಾಲಿತ್ಯಗಳನ್ನು ಪರ್ಯಾಯಗಳೆಂದೆಣಿಸಿದೆ. ವಾಗ್ಭಟನಾದರೋ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಇವನ್ನು ಬೇರ್ಪಡಿಸಿ, ಖಲತಿಯಲ್ಲಿ ಕೂದಲು ಕ್ರಮಕ್ರಮವಾಗಿ ಉದುರುವುದೆಂದನು.

ಈ ಭೇದವು ಸಾರ್ಥಕವಾದುದು. ಇಂದಿನ ವೈದ್ಯಶಾಸ್ತ್ರದ ಮತದಲ್ಲಿ, ಹಠಾತ್ತಾಗಿ ಬಿಲ್ಲೆಬಿಲ್ಲೆಯಾಗಿ ಉದುರುವ ರೋಗಕ್ಕೆ ದೇಹದ ರಕ್ಷಣಾಶಕ್ತಿಯೇ ರೋಮಮೂಲವನ್ನು ಬಾಧಿಸುವುದು ಕಾರಣ. ಅದು ಮಕ್ಕಳಿಗೂ ಬರುವುದು. ಅನೇಕರಲ್ಲಿ ತಾನಾಗಿಯೇ ವಾಸಿಯಾಗುವುದು. ಪುರುಷರ ಕ್ರಮಿಕವಾದ ಬೋಳು ಯೌವನಾರಂಭದ ಬಳಿಕಿನದು. ಅದಕ್ಕೆ ವಂಶಗುಣದೊಡನೆ ಪುರುಷ ಹಾರ್ಮೋನೂ ಕಾರಣವೆಂದು 1942ರಲ್ಲಿ ಹ್ಯಾಮಿಲ್ಟನ್ ತೋರಿಸಿದನು; ಅದಕ್ಕೆ ಮಿನಾಕ್ಸಿಡಿಲ್ ಲೇಪವು 1988ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಪ್ರಸವಾನಂತರ ಸ್ತ್ರೀಯರಲ್ಲಿ ಉದುರಿದ ಕೂದಲಾದರೋ ಬಹುಮಟ್ಟಿಗೆ ವರ್ಷದೊಳಗೆ ಮರಳುವುದು.

ನಮ್ಮ ಸಿದ್ದಾಪುರದಂತಹ ಊರುಗಳಲ್ಲಿ ಭೃಂಗರಾಜವೆಂಬ ಗರುಗದ ತೈಲವನ್ನು ವಯೋಭೇದವನ್ನೂ ರೋಗಭೇದವನ್ನೂ ವಿಚಾರಿಸದೆ ಹಚ್ಚುವುದುಂಟು. ಶಬ್ದಗಳು ಬೆರೆತಲ್ಲಿ ಚಿಕಿತ್ಸೆಯೂ ಬೆರೆಯುವುದು ಸಹಜವೇ. ಆದಕಾರಣ ವೈದ್ಯಗ್ರಂಥಗಳನ್ನು ಕನ್ನಡಿಸುವವರು ಖಲತಿಯನ್ನು ‘ಬೊಕ್ಕತಲೆ’ ಎಂದು ಕರೆದು, ಇಂದ್ರಲುಪ್ತವನ್ನು ಆ ಹೆಸರಿನಿಂದಲೇ ಉಳಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ.