ಕಾಗದದ ಮಕ್ಕಳು

ಅಮೆರಿಕದ ನೆಲದಲ್ಲಿ ಹುಟ್ಟಿದವರೆಲ್ಲ ಅಲ್ಲಿನ ಪೌರರೇ ಎಂಬ ತತ್ತ್ವವನ್ನು ಚೀನಿ ಸಂತಾನದವರಿಗೂ ಗೆದ್ದುಕೊಟ್ಟವನು ಸ್ಯಾನ್‌ಫ್ರಾನ್ಸಿಸ್ಕೋದ ಒಬ್ಬ ಅಡುಗೆಯವ, ವಾಂಗ್ ಕಿಮ್ ಆರ್ಕ್. ಚೀನಾಕ್ಕೆ ಹೋಗಿ 1895ರಲ್ಲಿ ಹಿಂದಿರುಗಿದಾಗ ಬಂದರಿನಲ್ಲೇ ಅವನನ್ನು ತಡೆದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1898ರಲ್ಲಿ ತೀರ್ಪು ಅವನ ಪರವಾಗಿ ಬಂತು. ಆದರೆ 1910ರಲ್ಲಿ ಅವನ ಹಿರಿಯ ಮಗನೆಂದು ಹೇಳಿಕೊಂಡು ಬಂದ ಯುವಕನನ್ನು ಅಧಿಕಾರಿಗಳು ಚೀನಾಕ್ಕೇ ವಾಪಸು ಅಟ್ಟಿದರು. ಅಪ್ಪ ಕೊಟ್ಟ ಉತ್ತರಕ್ಕೂ ಮಗ ಕೊಟ್ಟ ಉತ್ತರಕ್ಕೂ ತಾಳೆಯಾಗಲಿಲ್ಲ, ಅಷ್ಟೇ ಕಾರಣ.

ಹೀಗೆ ತಾಳೆ ನೋಡುವ ಪದ್ಧತಿ ಬಂದದ್ದಕ್ಕೆ ಹಿನ್ನೆಲೆಯಿದೆ. ರೈಲು ಹಳಿ ಹಾಕಲು, ಗಣಿ ತೋಡಲು ಬೇಕಾಗಿದ್ದ ಚೀನಿ ಕೂಲಿಗಳು ಆ ಕೆಲಸ ಮುಗಿದ ಮೇಲೆ ಬೇಡವಾದರು. 1882ರ ಬಹಿಷ್ಕಾರ ಕಾಯ್ದೆ ಕೂಲಿಗಳಿಗೆ ಬಾಗಿಲು ಮುಚ್ಚಿತು. ವ್ಯಾಪಾರಿಗಳು, ವಿದ್ಯಾರ್ಥಿಗಳು, ಶಿಕ್ಷಕರು, ರಾಜತಾಂತ್ರಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಕೂಲಿಯವನು ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳುವಂತಿರಲಿಲ್ಲ. ಆದರೆ ಅಮೆರಿಕದ ಪೌರನಿಗೆ ಹೊರದೇಶದಲ್ಲಿ ಮಗ ಹುಟ್ಟಿದರೆ ಅವನೂ ಪೌರನೇ ಎಂಬ ಹಳೆಯ ಕಾನೂನು ಉಳಿದೇ ಇತ್ತು. ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗಳವರು ಆ ಕಿಂಡಿಯನ್ನು ಚೆನ್ನಾಗಿಯೇ ಗುರುತಿಸಿದರು.

1906ರ ಏಪ್ರಿಲ್ 18ರ ಭೂಕಂಪ ಕಿಂಡಿಯನ್ನು ಹೆಬ್ಬಾಗಿಲು ಮಾಡಿತು. ಅದರ ಬೆನ್ನಿಗೇ ಹೊತ್ತಿದ ಬೆಂಕಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟು ಬೂದಿಯಾದವು. ತಾನು ಇಲ್ಲೇ ಹುಟ್ಟಿದವನು ಎಂದು ಒಬ್ಬ ಹೇಳಿದರೆ ಸುಳ್ಳೆಂದು ಸಾಬೀತು ಮಾಡಲು ಸರ್ಕಾರದ ಬಳಿ ಕಾಗದವೇ ಇರಲಿಲ್ಲ. ಹೀಗೆ ಪೌರನಾದವನು ಊರಿಗೆ ಹೋಗಿ ಒಂದೆರಡು ವರ್ಷ ಇದ್ದು ಬರುವಾಗ, ತನಗೆ ಗಂಡುಮಗು ಹುಟ್ಟಿದೆ ಎಂದು ಬರೆಸುತ್ತಿದ್ದ. ಮಗು ನಿಜವಾಗಿಯೂ ಹುಟ್ಟಿರಬಹುದು, ಹುಟ್ಟದೆಯೂ ಇರಬಹುದು. ಹುಟ್ಟಿದ್ದು ಹೆಣ್ಣಾದರೂ ಗಂಡೆಂದು ಬರೆಸಿದವರುಂಟು. ಮುಂದೆ ಆ ಖಾಲಿ ಜಾಗ ಅಣ್ಣನ ಮಗನಿಗೋ, ನೆರೆಯವನಿಗೋ, ದುಡ್ಡು ಕೊಟ್ಟ ಅಪರಿಚಿತನಿಗೋ ಸಲ್ಲುತ್ತಿತ್ತು. ಹುಡುಗನ ವಯಸ್ಸಿನ ಪ್ರತಿ ವರ್ಷಕ್ಕೆ ನೂರು ಡಾಲರ್ ಎಂಬುದು ಸಾಮಾನ್ಯವಾಗಿ ನಡೆಯುತ್ತಿದ್ದ ದರ. ಇಂಥವರನ್ನು ಜನ ಕಾಗದದ ಮಕ್ಕಳೆಂದೇ ಕರೆದರು.

ಅಧಿಕಾರಿಗಳೇನು ದಡ್ಡರಲ್ಲ. 1910ರಲ್ಲಿ ಕೊಲ್ಲಿಯ ನಡುವಿನ ಏಂಜೆಲ್ ದ್ವೀಪದಲ್ಲಿ ತೆರೆದ ವಲಸೆ ಠಾಣೆಯಲ್ಲಿ ವಿಚಾರಣೆಯೇ ಒಂದು ಶಾಸ್ತ್ರವಾಗಿ ಬೆಳೆಯಿತು. ಮೇಜಿನ ಒಂದು ಬದಿಗೆ ಅಧಿಕಾರಿ, ದುಭಾಷಿ, ಟೈಪಿಸ್ಟ್; ಎದುರಿಗೆ ಹದಿಹರೆಯದ ಹುಡುಗ. ನಿಮ್ಮ ಮನೆ ಸಾಲಿನಲ್ಲಿ ಎಷ್ಟನೆಯದು? ಬಾಗಿಲು ಯಾವ ದಿಕ್ಕಿಗಿದೆ? ಮುಂದೆ ಎಷ್ಟು ಮೆಟ್ಟಿಲು? ಅಕ್ಕಿಯ ಹಗೇವು ಎಲ್ಲಿದೆ? ಮೂರನೇ ಮನೆಯವನಿಗೆ ಎಷ್ಟು ಮಕ್ಕಳು? ಅಜ್ಜಿಯ ಸಮಾಧಿ ಎಲ್ಲಿದೆ? ಇದೇ ಪ್ರಶ್ನೆಗಳನ್ನು ಅಪ್ಪನನ್ನೂ ಬೇರೆ ಕೂರಿಸಿ ಕೇಳುತ್ತಿದ್ದರು. ಎರಡು ಮೂರು ದಿನ ಎಳೆದ ವಿಚಾರಣೆಗಳೂ ಇದ್ದವು. ತೀರ್ಪು ಬರುವವರೆಗೆ ಹುಡುಗ ಬೀಗ ಹಾಕಿದ ಬ್ಯಾರಕ್ಕಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಆ ಬ್ಯಾರಕ್ಕಿನ ಮರದ ಗೋಡೆಗಳ ಮೇಲೆ ಕೊರೆದ ಚೀನಿ ಕವಿತೆಗಳು ಇವತ್ತಿಗೂ ಇವೆ.

ಅಧಿಕಾರಿಗಳ ಪಟ್ಟಿಗೆ ಹಳ್ಳಿಯವರ ಪ್ರತಿಪಟ್ಟು ಉತ್ತರಪುಸ್ತಕ. ಮನೆಯ ನಕ್ಷೆ, ನೆಂಟರ ಹೆಸರು, ಕೋಳಿಗೂಡಿನ ಜಾಗ ಎಲ್ಲವನ್ನೂ ಅದರಲ್ಲಿ ಬರೆದು ಕೊಡುತ್ತಿದ್ದರು. ಹುಡುಗ ಹಡಗಿನ ಪ್ರಯಾಣದುದ್ದಕ್ಕೂ ಅದನ್ನು ಉರು ಹೊಡೆದು, ಬಂದರು ಸಮೀಪಿಸುವ ಮೊದಲು ಸಮುದ್ರಕ್ಕೆ ಎಸೆಯಬೇಕು. ನಡುವೆ ಅಪ್ಪ ಏನಾದರೂ ಹೊಸದನ್ನು ಹೇಳಿಬಿಟ್ಟಿದ್ದರೆ, ಠಾಣೆಯ ಅಡುಗೆಮನೆಯ ಚೀನಿ ನೌಕರರ ಮೂಲಕ ಗುಟ್ಟಾಗಿ ಚೀಟಿ ಬರುತ್ತಿತ್ತು. ಇಡೀ ಏರ್ಪಾಟಿನ ವಿಪರ್ಯಾಸ ಇಲ್ಲೇ ಇದೆ. ಸ್ವಂತ ಮನೆಯ ಮೆಟ್ಟಿಲುಗಳನ್ನು ಯಾವ ಮಗ ಎಣಿಸಿರುತ್ತಾನೆ? ಬಾಯಿಪಾಠ ಮಾಡಿದವನು ಪಾಸು, ಹೊಟ್ಟೆಯಲ್ಲಿ ಹುಟ್ಟಿದವನು ಫೇಲು ಆಗಬಹುದಿತ್ತು. ಹಾಗಾಗಿ ನಿಜವಾದ ಮಕ್ಕಳೂ ಉತ್ತರಪುಸ್ತಕ ಓದಿಕೊಂಡೇ ಹಡಗು ಹತ್ತಿದರು. ನಮ್ಮಲ್ಲಿ ನಾಡಕಚೇರಿಗೆ ಹೋಗಿ ವಂಶವೃಕ್ಷದ ಪ್ರಮಾಣಪತ್ರ ಮಾಡಿಸಿದವರಿಗೆ ಈ ಸಂಕಟದ ಒಂದು ಪಾಲು ಅರ್ಥವಾದೀತು.

ಭಾರತೀಯರಿಗೆ ಈ ಕಳ್ಳಕಿಂಡಿಯೂ ದಕ್ಕಲಿಲ್ಲ. ಏಂಜೆಲ್ ದ್ವೀಪಕ್ಕೆ ಸಾವಿರಾರು ಮಂದಿ ಬಂದರೂ, ಅಮೆರಿಕದಲ್ಲೇ ಹುಟ್ಟಿದವರೆಂದು ಹೇಳಿಕೊಳ್ಳುವಷ್ಟು ಹಳೆಯ ಬೇರು ಅಲ್ಲಿ ಅವರಿಗಿರಲಿಲ್ಲ. ಗಂಡ, ಮೂವರು ಗಂಡುಮಕ್ಕಳೊಂದಿಗೆ 1915ರಲ್ಲಿ ಬಂದಿಳಿದ ಕಲಾ ಬಾಗಾಯ್, ಸಂಸಾರ ಸಮೇತ ಬಂದ ಭಾರತೀಯರ ಅಪರೂಪದ ಉದಾಹರಣೆ. 1917ರ ಕಾಯ್ದೆ ಭಾರತದಿಂದ ಬರುವ ಕೂಲಿಗಳಿಗೂ ಬಾಗಿಲು ಹಾಕಿತು. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಹೇಳಿದ ಮೇಲೆ, ಕಲಾ ಅವರ ಗಂಡ ವೈಷ್ಣೋದಾಸರ ಪೌರತ್ವವೂ ಹೋಯಿತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಪಂಜಾಬಿನ ರೈತರಲ್ಲಿ ಅನೇಕರು ಊರಿನಿಂದ ಹೆಂಡತಿಯನ್ನು ಕರೆಸಲಾರದೆ, ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ ನೆಲೆ ನಿಂತರು.

ಎರಡನೇ ಮಹಾಯುದ್ಧದಲ್ಲಿ ಚೀನಾ ಮಿತ್ರನಾದ ಮೇಲೆ, 1943ರಲ್ಲಿ ಬಹಿಷ್ಕಾರ ರದ್ದಾಯಿತು. ಆದರೆ ಕೊಟ್ಟ ಕೋಟಾ ವರ್ಷಕ್ಕೆ 105 ಮಂದಿ. 1946ರಲ್ಲಿ ಭಾರತಕ್ಕೆ ಸಿಕ್ಕಿದ್ದು ನೂರು.

ಕಾಗದದ ಮಕ್ಕಳ ಮೇಲೆ ಮತ್ತೆ ಕಣ್ಣು ಬಿದ್ದದ್ದು ಕಮ್ಯುನಿಸ್ಟರ ಭಯ ಹಬ್ಬಿದ 1950ರ ದಶಕದಲ್ಲಿ. 1956ರಿಂದ ತಪ್ಪೊಪ್ಪಿಗೆಯ ಯೋಜನೆ ನಡೆಯಿತು. ಸುಳ್ಳು ಹೆಸರಿನಲ್ಲಿ ಬಂದವರು ಒಪ್ಪಿಕೊಂಡರೆ ನಿಜ ಹೆಸರಿನಲ್ಲಿ ನೆಲೆಸಲು ಅವಕಾಶ ಸಿಗಬಹುದು ಎಂಬ ಆಸೆ ತೋರಿಸಿದರು. ಸುಮಾರು 14,000 ಮಂದಿ ಒಪ್ಪಿಕೊಂಡರು. ಆದರೆ ಒಬ್ಬ ಬಾಯಿಬಿಟ್ಟರೆ ಅವನ ಕಾಗದದ ಅಪ್ಪ, ಅಣ್ಣತಮ್ಮಂದಿರೆಲ್ಲರ ಬಂಡವಾಳವೂ ಬಯಲಾಗುತ್ತಿತ್ತು. ಹಾಗೆ ಹೆಸರು ಹೊರಬಿದ್ದವರು ಒಪ್ಪಿಕೊಂಡವರಿಗಿಂತ ಹೆಚ್ಚು. ಒಂದೇ ಮನೆಯಲ್ಲಿ ಹೇಳಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಮಾತು ನಿಂತುಹೋದದ್ದುಂಟು.

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯ್ದೆ ದೇಶವಾರು ಹಳೆಯ ಕೋಟಾಗಳನ್ನು ಕಿತ್ತುಹಾಕಿ, ಕುಟುಂಬಕ್ಕೆ ಮೊದಲ ಮಣೆ ಹಾಕಿತು. ಓಹಾಯೋದ ಸಂಸದ ಮೈಕೆಲ್ ಫೀಗನ್ ಹಟ ಹಿಡಿದು ಸೇರಿಸಿದ ಅಂಶ ಅದು. ದೇಶದಲ್ಲಿ ಆಗಲೇ ತುಂಬಿಕೊಂಡಿರುವ ಯುರೋಪಿನವರ ನೆಂಟರೇ ತಾನೇ ಬರುವುದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಆದರೆ ಯುರೋಪಿನವರಿಗೆ ಬರುವ ಉಮೇದು ತಗ್ಗಿತ್ತು. ಬಂದವರು ಏಷ್ಯಾದವರು: ಮೊದಲು ಡಾಕ್ಟರು, ಎಂಜಿನಿಯರು, ಅವರು ಪೌರರಾದ ಮೇಲೆ ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿಯರು. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳ ಅಮೆರಿಕದ ಕವಲು ಚಿಗುರಿದ್ದು ಈ ಕಾಯ್ದೆಯಿಂದಲೇ. ಒಡಹುಟ್ಟಿದವರ ಅರ್ಜಿಗೆ ಇಂದು ಭಾರತೀಯರು ಹದಿನೈದು ವರ್ಷಕ್ಕೂ ಮಿಗಿಲಾಗಿ ಕಾಯಬೇಕು.

ತಪ್ಪೊಪ್ಪಿಕೊಳ್ಳದೆ ಉಳಿದ ಕಾಗದದ ಮಕ್ಕಳಿಗೆ ಮಾತ್ರ ಹೊಸ ಕಾಯ್ದೆಯೂ ಬಿಡಿಸಲಾಗದ ಗಂಟೇ ಆಯಿತು. ಚೀನಾದಲ್ಲಿದ್ದ ಸ್ವಂತ ತಮ್ಮನಿಗೆ ಅರ್ಜಿ ಹಾಕೋಣವೆಂದರೆ ದಾಖಲೆಯ ಪ್ರಕಾರ ಅವನು ಯಾರೋ ಬೇರೆಯವನ ಮಗ. ದಾಖಲೆಯಲ್ಲಿ ಅಣ್ಣತಮ್ಮ ಎಂದಿದ್ದವರೋ ರಕ್ತಸಂಬಂಧವೇ ಇಲ್ಲದವರು, ಕಾನೂನಿನ ಕಣ್ಣಿಗೆ ಮಾತ್ರ ಸಾಕ್ಷಾತ್ ಒಡಹುಟ್ಟಿದವರು.