ಲಾರಿ ಕನ್ನಡಿಯ ತೋಳು

ಹುಮನಾಬಾದ್, ಬಸವಕಲ್ಯಾಣದ ಹಳೆಯ ವಿಡಿಯೋದವರ ಚೀಲ ಬಗೆದು ನೋಡಿದರೆ ತಳದಲ್ಲಿ ಒಂದು ಕಬ್ಬಿಣದ ತೋಳು ಸಿಗುತ್ತದೆ. ಗೇಣುದ್ದ, ಕಪ್ಪು ಬಣ್ಣ, ಒಂದು ತುದಿಗೆ ತಿರುಗುವ ಗುಂಡು, ಇನ್ನೊಂದು ತುದಿಗೆ ಚಪ್ಪಟೆ ಪಟ್ಟಿ. ಕ್ಯಾಮೆರಾ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಇದು ಸಿಗುವುದಿಲ್ಲ, ಏಕೆಂದರೆ ಇದು ಲಾರಿಯ ಕನ್ನಡಿ ಹಿಡಿಯುವ ತೋಳು. ಕನ್ನಡಿಯ ಜಾಗದಲ್ಲಿ ಏಳು ಇಂಚಿನ ಮಾನಿಟರ್ ಕೂರಿಸಿ, ನಮ್ಮ ಭಾಗದ ಮದುವೆ, ಜಾತ್ರೆ, ಪ್ರವಚನಗಳನ್ನೆಲ್ಲ ನಾವು ವರ್ಷಗಟ್ಟಲೆ ಚಿತ್ರೀಕರಿಸಿದೆವು.

ಹತಾರದ ಬಗ್ಗೆ ಬರೆದಿಡುವುದು ಬಸವಕಲ್ಯಾಣಕ್ಕೆ ಹೊಸದಲ್ಲ. 12ನೇ ಶತಮಾನದಲ್ಲಿ ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಚಿತ್ರಗಾರನ ಕೆಲಸವನ್ನು ಗೋಡೆಯ ಗಾರೆಯಿಂದ ಶುರು ಮಾಡಿ, ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿ ಕುಂಚ ಮಾಡುವ ತನಕ ವಿವರಿಸಿದ್ದಾನೆ. ಆ ಕುಂಚಕ್ಕೆ ಸಿಕ್ಕ ಮರ್ಯಾದೆ ಲಾರಿ ಕಟ್ಟುವ ನಮ್ಮ ಆಟೋನಗರದ ಈ ತೋಳಿಗೂ ಸಿಗಬೇಕು ಎಂದು ನಾನು ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದಾಗ ವಿಎಚ್‌ಎಸ್ ಕಾಲ. ಸಾವಿರ ವ್ಯಾಟಿನ ಹ್ಯಾಲೋಜನ್ ಹಿಡಿದು ಉಸ್ತಾದರ ಹಿಂದೆ ಓಡುವ ಲೈಟ್ ಹುಡುಗ ನಾನು. ಪ್ಯಾನಾಸೋನಿಕ್ ಕ್ಯಾಮೆರಾ ಉಸ್ತಾದರ ಬಲ ಹೆಗಲ ಮೇಲೆ ಕೂತಿರುತ್ತಿತ್ತು, ಕಣ್ಣು ವ್ಯೂಫೈಂಡರಿಗೆ ಅಂಟಿರುತ್ತಿತ್ತು. ಅದರೊಳಗೆ ಹೆಬ್ಬೆರಳ ಉಗುರಿನಷ್ಟು ಕಪ್ಪು-ಬಿಳುಪು ಚಿತ್ರ. ಮದುಮಗಳ ಸೀರೆಯ ಬಣ್ಣ ಏನು ಬಂದಿದೆ ಎಂದು ಮನೆಗೆ ಬಂದು ಟಿವಿಗೆ ಜೋಡಿಸಿದ ಮೇಲೇ ಗೊತ್ತಾಗುತ್ತಿತ್ತು. ಮದುವೆಗೆ ಅದು ಸಾಕಿತ್ತು. ಜಾತ್ರೆಗೆ ಸಾಲುತ್ತಿರಲಿಲ್ಲ. 1725ರಲ್ಲಿ ರಾಜಾ ರಾಮಚಂದ್ರ ಜಾಧವ ಕಟ್ಟಿಸಿದ ನಮ್ಮ ಹುಮನಾಬಾದಿನ ವೀರಭದ್ರೇಶ್ವರ ಗುಡಿಯ ಮುಂದೆ ಜನವರಿಯಲ್ಲಿ ತೇರು ಹೊರಡುವಾಗ ಕಾಲಿಡಲು ಜಾಗ ಇರುವುದಿಲ್ಲ. ಕ್ಯಾಮೆರಾವನ್ನು ತಲೆಯ ಮೇಲೆತ್ತಿದರೆ ಜನರ ತಲೆ ದಾಟಿ ತೇರು ಕಾಣುತ್ತದೆ, ಆದರೆ ಅದು ಕಾಣುವುದು ಕ್ಯಾಮೆರಾಕ್ಕೆ ಮಾತ್ರ. ಹಿಡಿದವನು ಅಂದಾಜಿನ ಮೇಲೆ ತಿರುಗಿಸಬೇಕು. ಆ ಕಾಲದ ಕ್ಯಾಸೆಟ್ಟುಗಳಲ್ಲಿ ಕಳಸ ಇದ್ದರೆ ಚಕ್ರ ಇಲ್ಲ, ಚಕ್ರ ಇದ್ದರೆ ಕಳಸ ಇಲ್ಲ.

ಕಣ್ಣನ್ನು ಕ್ಯಾಮೆರಾದಿಂದ ಬಿಡಿಸುವ ಈ ತೊಂದರೆ ದೊಡ್ಡವರಿಗೂ ಇತ್ತು. ಜೆರ್ರಿ ಲೂಯಿಸ್ 1960ರಲ್ಲಿ 'ದ ಬೆಲ್‌ಬಾಯ್' ಚಿತ್ರದಲ್ಲಿ ತಾನೇ ನಟಿಸಿ ತಾನೇ ನಿರ್ದೇಶಿಸುವಾಗ, ಫಿಲ್ಮ್ ಕ್ಯಾಮೆರಾದ ಜೊತೆಗೆ ವಿಡಿಯೋ ಕ್ಯಾಮೆರಾ ಇಟ್ಟು ಪರದೆಯಲ್ಲಿ ತನ್ನನ್ನು ನೋಡಿಕೊಂಡ. 1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ಸ್ಟೆಡಿಕ್ಯಾಮ್ ಮಾಡಿದಾಗ ಕ್ಯಾಮೆರಾ ಮೇಲೆ, ಸಣ್ಣ ಮಾನಿಟರ್ ಕೆಳಗೆ ಬಂತು. ಕಣ್ಣು ತಾಗಿದರೆ ಕ್ಯಾಮೆರಾ ನಡುಗುತ್ತದೆ, ಕಣ್ಣು ದೂರ ಇದ್ದರೆ ತೇಲುತ್ತದೆ ಎಂಬುದು ಆ ಯಂತ್ರದ ಅರ್ಧ ಗುಟ್ಟು.

ನಮ್ಮಲ್ಲಿ ದೂರದಿಂದ ನೋಡುವ ಈ ಪರದೆ ಕ್ರೇನಿನ ಮೂಲಕ ಬಂತು. ಹೈದರಾಬಾದಿನ ಮದುವೆಗಳಲ್ಲಿ ಜಿಮ್ಮಿ ಜಿಬ್ ಕ್ರೇನು ನೋಡಿ ಬಂದವರು ಕಬ್ಬಿಣದ ಪೈಪಿನಲ್ಲಿ ಸ್ವಂತ ಕ್ರೇನು ಮಾಡಿಸಿದರು. ಬುಡದಲ್ಲಿ ಭಾರಕ್ಕೆ ಉಸುಕಿನ ಚೀಲ, ನೋಡಲು ಹನ್ನೆರಡು ವೋಲ್ಟಿನ ಪುಟ್ಟ ಕಪ್ಪು-ಬಿಳುಪು ಟಿವಿ. ಅದು ಕುರ್ಚಿಯ ಮೇಲೆ ಇರುತ್ತಿದ್ದುದರಿಂದ ಅದನ್ನು ಹಿಡಿಯುವ ತೋಳಿನ ಚಿಂತೆ ಇರಲಿಲ್ಲ.

ಚಿಂತೆ ಶುರುವಾದದ್ದು ಕ್ಯಾನನ್ 5ಡಿ ಮಾರ್ಕ್ 2ರಿಂದ. 2008ರಲ್ಲಿ ಬಂದ ಆ ಸ್ಟಿಲ್ ಕ್ಯಾಮೆರಾ ವಿಡಿಯೋ ತೆಗೆಯಿತು. ಸ್ವಲ್ಪ ವರ್ಷದಲ್ಲಿ ನಮ್ಮ ಊರಿಗೂ ಮುಟ್ಟಿತು. ಚಿತ್ರ ಸಿನಿಮಾದಂತೆ, ಆದರೆ ವಿಡಿಯೋ ತೆಗೆಯುವಾಗ ಕಣ್ಣಿಡುವ ಕಿಂಡಿ ಕತ್ತಲೆ, ಬೆನ್ನಿಗೆ ಮೂರು ಇಂಚಿನ ಪರದೆಯೇ ಗತಿ. ಬಯಲಲ್ಲಿ ಶಾಮಿಯಾನದ ಕೆಳಗೆ ಮಧ್ಯಾಹ್ನದ ಅಕ್ಷತೆ. ಆ ಬೆಳಕಿನಲ್ಲಿ ಪರದೆಯಲ್ಲಿ ನಮ್ಮ ಮುಖವೇ ಕಾಣುತ್ತಿತ್ತು. ಹೊರಗಿನ ಮಾನಿಟರ್ ಬೇಕೇಬೇಕಾಯಿತು. ಅದನ್ನು ಹಿಡಿಯುವ ವಿದೇಶಿ ತೋಳಿನ ಬೆಲೆಯೋ, ಸಣ್ಣ ಮದುವೆಯ ಲಾಭವನ್ನೆಲ್ಲ ನುಂಗುವಷ್ಟು.

ಮಾನಿಟರ್ ಸಿಕ್ಕದ್ದು ಕಾರ್ ಡೆಕೋರೇಶನ್ ಅಂಗಡಿಯಲ್ಲಿ. ಗಾಡಿ ಹಿಂದೆ ಸರಿಸುವಾಗ ನೋಡುವ ಏಳು ಇಂಚಿನ ಪರದೆ, ಹನ್ನೆರಡು ವೋಲ್ಟು, ಹಳದಿ ಎವಿ ಪಿನ್ನು. ಕ್ಯಾಮೆರಾದ ಎವಿ ವೈರು ನೇರ ಸೇರುತ್ತಿತ್ತು. ಯುಪಿಎಸ್‌ನ ಏಳು ಆಂಪಿಯರ್-ಅವರ್ ಬ್ಯಾಟರಿ ಚೀಲದಲ್ಲಿ ಹಾಕಿ ಸೊಂಟಕ್ಕೆ ಕಟ್ಟಿದರೆ ಮದುವೆ ಮುಗಿಯುವ ತನಕ ನಡೆಯುತ್ತಿತ್ತು. ಆ ಪರದೆಯ ಚುಕ್ಕಿಗಳು ಕಡಿಮೆ, ಫೋಕಸಿಗೆ ಅದನ್ನು ನಂಬುವಂತಿರಲಿಲ್ಲ. ಫೋಕಸನ್ನು ಕ್ಯಾಮೆರಾದ್ದೇ ಹತ್ತು ಪಟ್ಟು ಹಿಗ್ಗಿಸುವ ಗುಂಡಿಯಿಂದ ಮೊದಲೇ ಕೂರಿಸಿ, ಆಮೇಲೆ ಚೌಕಟ್ಟಿಗೆ ಮಾತ್ರ ಮಾನಿಟರ್ ನೋಡುತ್ತಿದ್ದೆವು.

ತೋಳಿಗೆ ಬಸವಕಲ್ಯಾಣಕ್ಕೇ ಹೋಗಬೇಕಾಯಿತು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಗೆ ಮೊದಲು 9 ಎಂಬ ಸಂಖ್ಯೆ ಇತ್ತು, ಈಗ 65. ಉಮರ್ಗಾ ದಾಟಿ ಬಂದರೆ ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ, ಮುಂದೆ ಹುಮನಾಬಾದ್, ಆಮೇಲೆ ಜಹೀರಾಬಾದ್: ಮೂರು ರಾಜ್ಯದ ಲಾರಿಗಳು ಹಗಲು ರಾತ್ರಿ ಓಡುವ ದಾರಿ. ಈ ಓಡಾಟದ ಮೇಲೆಯೇ ಬಸವಕಲ್ಯಾಣದ ಆಟೋನಗರ ಬೆಳೆಯಿತು. ಬರೀ ಚಾಸಿಯಾಗಿ ಬಂದ ಗಾಡಿಗೆ ಇಲ್ಲಿ ಬಡಗಿ ಹಲಗೆ ಕೂರಿಸುತ್ತಾನೆ, ವೆಲ್ಡರ್ ಆ್ಯಂಗಲ್ ಕಟ್ಟುತ್ತಾನೆ, ಪೇಂಟರ್ ಹಿಂಬದಿಗೆ ಹೂ ಬಿಡಿಸುತ್ತಾನೆ. ನಮ್ಮ ಬೀದರ್ ಜಿಲ್ಲೆ 1948ರ ತನಕ ನಿಜಾಮರ ಹೈದರಾಬಾದಿನಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ವರ್ಕ್‌ಶಾಪಿನ ಮಾತು ಮಾತ್ರ ಇನ್ನೂ ಉರ್ದು ಬೆರೆತದ್ದೇ: ಪಾನಾ, ಪೇಚು, ಸೂತ್.

ಸೂತ್ ಎಂದರೆ ಇಂಚಿನ ಎಂಟನೇ ಒಂದು ಭಾಗ. ನಮ್ಮ ಕೆಲಸ ನಿಂತದ್ದೇ ಈ ಲೆಕ್ಕದ ಮೇಲೆ. ಕ್ಯಾಮೆರಾದ ಅಡಿಯ ತೂತು ಕಾಲು ಇಂಚು, ಅಂದರೆ ದೋ ಸೂತ್, ಇಂಚಿಗೆ 20 ಹಲ್ಲು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಸ್ಕ್ರೂ ಪದ್ಧತಿಯಲ್ಲೇ ಕಾಲು ಇಂಚಿಗೆ ಈ 20ರ ಲೆಕ್ಕವಿದೆ. ಈಗಿನ ಲಾರಿಗಳ ಬೋಲ್ಟು ಮಿಲಿಮೀಟರಿನವು. ಆರು ಮಿಲಿಮೀಟರಿನ ಬೋಲ್ಟು ಕ್ಯಾಮೆರಾದ ತೂತಿಗೆ ಒಂದೆರಡು ಸುತ್ತು ಹೋದಂತೆ ಮಾಡುತ್ತದೆ. ಆದರೆ ಅದರ ದಪ್ಪವೂ ಕಡಿಮೆ, ಹಲ್ಲುಗಳ ಅಂತರವೂ ಬೇರೆ. ಭಾರ ಬಿದ್ದಾಗ ಜಾರಿ ಲಕ್ಷ ರೂಪಾಯಿಯ ಕ್ಯಾಮೆರಾದ ಹಲ್ಲು ಕೆಡಿಸುತ್ತದೆ. ಹಳೆಯ ಹಾರ್ಡ್‌ವೇರ್ ಅಂಗಡಿಗಳು ದೋ ಸೂತ್ ಬೋಲ್ಟನ್ನು ಇನ್ನೂ ಮಾರುತ್ತಿದ್ದುದರಿಂದ ನಮ್ಮ ಕೆಲಸ ಉಳಿಯಿತು.

ಮಾನಿಟರನ್ನು ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ಕೂರಿಸುವ ಜಾಗಕ್ಕೆ ಸಿಕ್ಕಿಸುವುದು ಸುಲಭ ಅನಿಸುತ್ತದೆ. ಆದರೆ ಕಬ್ಬಿಣದ ತೋಳಿನ ಭಾರ ಅದು ತಡೆಯುವುದಿಲ್ಲ. ಅದಕ್ಕೇ ಭಾರವನ್ನು ಬುಡಕ್ಕೆ ಇಳಿಸಿದೆವು: ಇಂಚು ಅಗಲದ, ಮೂರು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಕ್ಯಾಮೆರಾ ಮತ್ತು ಟ್ರೈಪಾಡಿನ ನಡುವೆ ಸೇರಿಸಿ, ಪಕ್ಕದಲ್ಲಿ ಮೇಲೆದ್ದ ತುದಿಗೆ ಕನ್ನಡಿಯ ತೋಳು ಬಿಗಿದೆವು. ತೂತು ಆರೂವರೆ ಮಿಲಿಮೀಟರ್. ಅದಕ್ಕಿಂತ ದೊಡ್ಡದಾದರೆ ಪಟ್ಟಿ ಅಲ್ಲಾಡುತ್ತದೆ. ಹಳೆಯ ತೋಳು, ಪಟ್ಟಿ, ನಟ್ಟು-ಬೋಲ್ಟು, ವೆಲ್ಡಿಂಗ್ ಕೂಲಿ ಎಲ್ಲ ಸೇರಿ ಇನ್ನೂರು ರೂಪಾಯಿಯೊಳಗೆ ಮುಗಿಯುತ್ತಿತ್ತು.

ನಡುಕ ನಿಲ್ಲಿಸಿದ್ದು ಆಟೋನಗರದ ಒಬ್ಬ ವಯಸ್ಸಾದ ಮಿಸ್ತ್ರಿ. ನನ್ನ ಮಾನಿಟರನ್ನು ಬೆರಳಿನಿಂದ ತಟ್ಟಿ ನೋಡಿ ಅವರು ಹೇಳಿದರು: "ಭಾಯ್, ಕನ್ನಡಿ ನಡುಗಿದ್ರ ಡ್ರೈವರ್‌ಗ ಹಿಂದಿನ ಗಾಡಿ ಕಾಣಲ್ಲ. ನಿಮ್ಮ ಟಿವಿದೂ ಅದೇ ಅದ. ಒಂದು ನಟ್ಟಿನ ಮ್ಯಾಲ ಭರೋಸಾ ಇಡಬ್ಯಾಡ್ರಿ." ಒಂದರ ಮೇಲೆ ಇನ್ನೊಂದು ನಟ್ಟು ಬಿಗಿದು, ಪಟ್ಟಿಗೂ ಕ್ಯಾಮೆರಾಕ್ಕೂ ನಡುವೆ ಲಾರಿ ಟ್ಯೂಬಿನ ತುಂಡು ಕತ್ತರಿಸಿ ಹಾಕಿ ಕೊಟ್ಟರು. ಹಳ್ಳ-ದಿಣ್ಣೆಯ ದಾರಿಯಲ್ಲಿ ಕನ್ನಡಿ ಸ್ಥಿರ ನಿಲ್ಲಿಸುವುದನ್ನು ಜೀವಮಾನವೆಲ್ಲ ಮಾಡಿದ ಕೈ ಅದು. ಸಿನಿಮಾ ಯಂತ್ರದ ಎಂಜಿನಿಯರಿಗೆ ಗೊತ್ತಿರುವುದು ಆ ಕೈಗೂ ಗೊತ್ತಿತ್ತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆ ವರ್ಷಗಳಲ್ಲಿ ಜಾತ್ರೆಯ ಚಿತ್ರ ಬದಲಾಯಿತು. ಕ್ಯಾಮೆರಾ ಉದ್ದ ಕೋಲಿನ ಮೇಲೆ, ಮಾನಿಟರ್ ಎದೆಯ ಮಟ್ಟದಲ್ಲಿ. ಕಳಸವೂ ಚಕ್ರವೂ ಒಂದೇ ಚೌಕಟ್ಟಿಗೆ ಬಂದವು. ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿಯ ದರ್ಬಾರಿನ ಸಂಗೀತ ತೆಗೆಯುವಾಗ ಕೇಳುವವರ ಮುಂದೆ ಎದ್ದು ನಿಲ್ಲುವುದು ತಪ್ಪಿತು. ನೆಲದ ಮೇಲೆ ಕೂತು, ಪರದೆಯನ್ನು ನಮ್ಮ ಕಡೆ ಓರೆ ಮಾಡಿ, ಯಾರಿಗೂ ಅಡ್ಡವಾಗದೆ ತೆಗೆದೆವು.

ಈಗ ಹಗುರ ಅಲ್ಯೂಮಿನಿಯಂ ತೋಳುಗಳು ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಬರುತ್ತವೆ, ಗಿಂಬಲ್ ಬಂದಿದೆ. ಲಾರಿಯೂ ಬದಲಾಗಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ, ಕ್ಯಾಬಿನ್ ಕನ್ನಡಿ ಸಮೇತ ಕಾರ್ಖಾನೆಯಲ್ಲೇ ಮುಗಿದು ಬರುವ ಕಾಲ ಇದು. ಪ್ಲಾಸ್ಟಿಕ್ಕಿನೊಳಗೆ ಹುದುಗಿದ ಆ ಕನ್ನಡಿಗಳಿಂದ ನಮಗೆ ಬೇಕಾದ ತೋಳು ಹುಟ್ಟುವುದಿಲ್ಲ. ಆದರೂ ನನ್ನ ಜೊತೆ ಕೆಲಸ ಮಾಡುವ ಹುಡುಗರು ಹೊಸ ತೋಳು ಬಂದ ದಿನವೇ ಅದನ್ನು ಬಿಚ್ಚಿ, ಟ್ಯೂಬಿನ ತುಂಡು ಇಟ್ಟು, ಎರಡನೇ ನಟ್ಟು ಹಾಕಿದ ಮೇಲೆಯೇ ಮದುವೆಗೆ ಒಯ್ಯುತ್ತಾರೆ.